ಮೈಕಿನ ಮುಖ

ಆ ಮಧ್ಯಾಹ್ನ ಮೈಕನ್ನು ತಿರುಗಿಸಿದವರು ಯಾರು ಎಂದು ನನಗೆ ಖಚಿತವಾಗಿ ಗೊತ್ತಿಲ್ಲ. ಮರೆತಿದ್ದೇನೆ ಎಂದರೆ ಅದೂ ಸುಳ್ಳಾಗುತ್ತದೆ. ನನ್ನಲ್ಲಿ ಮೂರು ನೆನಪುಗಳಿವೆ, ಮೂರೂ ಒಂದಕ್ಕೊಂದು ಕೂಡುವುದಿಲ್ಲ. ಒಂದರಲ್ಲಿ ಅವ್ವ ಬಾಗಿಲ ಬಳಿಯಿಂದ ಎದ್ದು ಬಂದು ಅದನ್ನು ತಿರುಗಿಸುತ್ತಾಳೆ. ಇನ್ನೊಂದರಲ್ಲಿ ಚಿಗವ್ವ, ಅಂದರೆ ಅವ್ವನ ತಂಗಿ ಕಸ್ತೂರೆವ್ವ, ಕುಳಿತಲ್ಲಿಂದಲೇ ಕೈ ಚಾಚಿ ತಿರುಗಿಸುತ್ತಾಳೆ. ಮೂರನೆಯದರಲ್ಲಿ ಅದು ಮೊದಲಿನಿಂದಲೂ ಹಾಗೆಯೇ ಇತ್ತು, ಯಾರೂ ಮುಟ್ಟಲಿಲ್ಲ. ಮೂರರಲ್ಲೂ ಸೆಖೆ ಒಂದೇ, ಗೋಡೆಗೆ ಇಳಿಬಿಟ್ಟ ಕೌದಿಗಳು ಒಂದೇ, ಚಿಗವ್ವನ ಸೀರೆಯಿಂದ ಬರುತ್ತಿದ್ದ ಗಂಧಕದ ವಾಸನೆ ಒಂದೇ. ವಿವರ ಹೆಚ್ಚಿದ್ದ ಮಾತ್ರಕ್ಕೆ ಸಾಕ್ಷಿ ನಿಜವಾಗುವುದಿಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಕಲಿತಿದ್ದೆ. ಬೇರೆಯವರ ಸಾಕ್ಷಿಗಳ ಮೇಲೆ ಆ ಮಾತನ್ನು ಬಹಳ ಸಲ ಪ್ರಯೋಗಿಸಿದ್ದೇನೆ.

ಈ ವರ್ಷ ಮಾರ್ಚ್‌ನಲ್ಲಿ ಪರೀಕ್ಷೆಯ ಕೆಲಸಕ್ಕೆಂದು ತಿಕೋಟಾಕ್ಕೆ ಹೋಗುತ್ತಿದ್ದೆ. ಊರು ಇನ್ನೂ ಒಂದಿಷ್ಟು ಮುಂದಿತ್ತು, ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಆಗಷ್ಟೇ ಆರಿಸಿದ ಬೆಂಕಿಕಡ್ಡಿಯ ವಾಸನೆಯಂಥದ್ದು, ಆದರೆ ಮೂಗಿನಲ್ಲಿ ನಿಲ್ಲುವುದಿಲ್ಲ, ನೇರ ಗಂಟಲಿಗೆ ಇಳಿದು ಹಿಡಿಯುತ್ತದೆ. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ದಿನಗಳಲ್ಲಿ ಆ ಕಡೆಯ ಶೆಡ್ಡುಗಳಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ತಾಡಪತ್ರಿ ಮುಚ್ಚಿ ಹೊಗೆ ಹಿಡಿಸಿದರೆ ಮಣೂಕ ಕಪ್ಪಾಗದೆ ಹಳದಿಯಾಗಿ ಉಳಿಯುತ್ತದೆ. ಪಕ್ಕದಲ್ಲಿ ಕುಳಿತಿದ್ದವರು ಕೆಮ್ಮಿ ಕಿಟಕಿ ಹಾಕಿ ಎಂದರು. ನಾನು ಹಾಕಲಿಲ್ಲ. ಚಿಗವ್ವನಿಗೂ ಅದೇ ವಾಸನೆ ಇರುತ್ತಿತ್ತು. ಘೋಣಸಗಿಯ ತನ್ನ ಮನೆಯಿಂದ ಪ್ರತಿ ಬೇಸಿಗೆ ಶೆಡ್ಡಿಗೆ ಹೋಗಿ ಮಣೂಕದ ಕಡ್ಡಿ ತೆಗೆದು ಆರಿಸಿಡುವ ಕೆಲಸ ಅವಳದು. ಸೀರೆ ಎಷ್ಟು ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನಾನು ಬಬಲೇಶ್ವರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ದಿನಾ ವಿಜಯಪುರದಿಂದ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಕೆಲಸ ಇದ್ದರೂ ಇಲ್ಲದಂತೆ. ತರಗತಿಗೆ ಬರಲಾಗದೆ ಹೊಲಕ್ಕೆ, ಅಂಗಡಿಗೆ ಹೋಗುವ ಮಕ್ಕಳಿಗಾಗಿ ಪಾಠಗಳನ್ನು ಧ್ವನಿಮುದ್ರಿಸಿ ಮೊಬೈಲಿಗೆ ಕಳಿಸಬೇಕು, ಅದರಿಂದ ಹೆಸರೂ ಬರುತ್ತದೆ, ಮುಂದೆ ಏನಾದರೂ ದಾರಿಯೂ ತೆರೆಯುತ್ತದೆ ಎಂದುಕೊಂಡಿದ್ದೆ. ತೊರವಿ ರಸ್ತೆಯ ಕಡೆ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ಕೋಣೆ ಖಾಲಿ ಇತ್ತು. ಅದನ್ನೇ ಸ್ಟುಡಿಯೋ ಮಾಡಲು ಹೊರಟೆ. ಬರೀ ಗೋಡೆಯ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಅದಕ್ಕೆ ದುಬಾರಿ ಫೋಮು ಹಚ್ಚುವ ಬದಲು ಅವ್ವ ವರ್ಷವರ್ಷ ಹೊಲಿದಿಟ್ಟ ಕೌದಿಗಳನ್ನೆಲ್ಲ ತಂದು ನಾಲ್ಕೂ ಗೋಡೆಗೆ, ಬಾಗಿಲಿಗೆ ಇಳಿಬಿಟ್ಟೆ. ಹಳೆಯ ಸೀರೆ, ಧೋತರ ಕೂಡಿಸಿ ಹೊಲಿದ ಆ ದಪ್ಪ ಹೊದಿಕೆಗಳು ದನಿಯನ್ನು ನುಂಗಿಬಿಡುತ್ತಿದ್ದವು. ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಹಿಟ್ಟಿನ ಚೀಲಕ್ಕೆ ಗುದ್ದಿದ ಸದ್ದು.

ಅದನ್ನು ಮೊದಲು ನೋಡಿ ನಕ್ಕವಳು ಚಿಗವ್ವ. ಗಂಟಲು ತೋರಿಸಲು ಊರಿನಿಂದ ಬಂದಿದ್ದಳು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಏನೋ ಪ್ರಭು, ಗ್ವಾಡಿಗೆಲ್ಲಾ ಕೌದಿ ಹೊಚ್ಚೀಯಲ್ಲೋ. ಗ್ವಾಡಿಗಿ ಥಂಡಿ ಹತ್ತೈತೇನು?"

"ದನಿ ಓಡ್ಯಾಡಬಾರ್ದು ಚಿಗವ್ವಾ, ಅದಕ್ಕ."

"ನಿನ್ನ ದನಿ ಎಲ್ಲಿಗಿ ಓಡಿ ಹೋಗತೈತೋ? ಕಾಲೇಜ ಬಿಟ್ರ ಮನ್ಯಾಗ ಕುಂದರಾಂವ ನೀನ."

ಆ ಮಾತು ಹೇಳುವಾಗ ಅವಳ ದನಿ ಆಗಲೇ ಒಡೆದಿತ್ತು. ದೀಪಾವಳಿಯಿಂದ ಹಾಗೆಯೇ ಇತ್ತು. ಶೆಡ್ಡಿನ ಹೊಗೆ ಎಂದು ಕೆಲವರು, ನೆಗಡಿ ಎಂದು ಕೆಲವರು, ಅವಳು ಹಲ್ಲಿಗೆ ತಿಕ್ಕುತ್ತಿದ್ದ ತಂಬಾಕಿನ ಪುಡಿಯಿಂದ ಎಂದು ಅವ್ವ. ನನಗೆ ಕಾರಣ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಗರದ ಒಂದು ಆಸ್ಪತ್ರೆಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಓದಿದವನು ಎಂದು ನನ್ನನ್ನು ಒಳಗೆ ಕರೆದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಒಂದು ತೂತು ಉಳಿಯುತ್ತದೆ, ತಡ ಮಾಡಬೇಡಿ ಎಂದರು. ಮೂರು ವಾರದ ನಂತರದ ಒಂದು ಸೋಮವಾರ ಭರ್ತಿಯಾಗಲು ಹೇಳಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಚಿಗವ್ವನಿಗೆ ನಾನೇ ತಿಳಿಸಿ ಹೇಳಬೇಕಾಯಿತು.

"ಮಾತೂ ಬರೂದಿಲ್ಲೇನು?" ಎಂದಳು.

ಇಲ್ಲ ಎಂದೆ.

ತನ್ನ ಕೈಗಳನ್ನು ನೋಡಿಕೊಂಡಳು. ಮಣೂಕದ ಅಂಟಿಗೆ ಬೆರಳ ತುದಿಗಳು ಕಪ್ಪಾಗಿದ್ದವು. "ಸವಿತಾಗ ಅರಿಷಿಣ ಹಚ್ಚಾವ್ರು ಯಾರು?" ಎಂದಳು. ಆಮೇಲೆ ತಾನೇ ತಿದ್ದಿಕೊಂಡಳು. "ಹಚ್ಚಾಕ ಯಾರಾದ್ರೂ ಹಚ್ಚತಾರ. ಹಾಡಾವ್ರು ಯಾರು?"

ಸವಿತಾ ಅವಳ ಒಬ್ಬಳೇ ಮಗಳು. ಮದುವೆ ವೈಶಾಖದಲ್ಲಿ ನಿಶ್ಚಯವಾಗಿತ್ತು. ನಮ್ಮ ಕಡೆ ಮದುಮಗಳಿಗೆ ಅರಿಷಿಣ ಹಚ್ಚುವಾಗ ಹೆಂಗಸರು ಸೋಬಾನೆ ಹಾಡುತ್ತಾರೆ. ಧಾಟಿ ಎಲ್ಲರಿಗೂ ಗೊತ್ತಿರುವುದೇ, ಆದರೆ ನುಡಿಗಳನ್ನು ಆ ಹುಡುಗಿಗೆಂದೇ ಹೊಸದಾಗಿ ಕಟ್ಟಬೇಕು. ಅವಳ ಹೆಸರು, ತವರಿನವರ ಹೆಸರು, ಅವಳು ಆಡಿದ ಅಂಗಳ, ಮಾಡಿದ ತುಂಟತನ ಎಲ್ಲ ಅದರಲ್ಲಿ ಬರಬೇಕು. ಘೋಣಸಗಿಯಲ್ಲಿ ಬೇರೆಯವರ ಹೆಣ್ಣುಮಕ್ಕಳಿಗೆಲ್ಲ ಹಾಗೆ ಕಟ್ಟಿ ಹಾಡಿದವಳು ಚಿಗವ್ವ. ಸವಿತಾಳದನ್ನು ಅವಳು ಎರಡು ವರ್ಷದಿಂದ ಕಡ್ಡಿ ಆರಿಸುತ್ತ ಆರಿಸುತ್ತ ಕಟ್ಟಿಟ್ಟಿದ್ದಳಂತೆ. ಯಾರಿಗೂ ಹಾಡಿ ತೋರಿಸಿರಲಿಲ್ಲ. ಅರಿಷಿಣದ ದಿನಕ್ಕೆ ಮೊದಲು ಅದು ಮದುಮಗಳ ಕಿವಿಗೆ ಬೀಳಬಾರದು.

ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾದ ಬಸ್ಸು ಹತ್ತುವ ಮೊದಲು ನನ್ನ ತೋಳು ಹಿಡಿದಳು. "ನಿನ್ನ ಆ ಕೌದಿ ಕೋಣ್ಯಾಗ ಹಾಡು ತುಂಬಿಕೊಳ್ಳಾಕ ಬರತೈತಿಲ್ಲೋ? ನನ್ನ ಹಾಡು ಒಂದ ತುಂಬಿಕೋ ಯಪ್ಪಾ. ಅರಿಷಿಣದ ದಿನಾ ಹಚ್ಚಿಬಿಡ್ರಿ. ನಾ ಮೂಕ್ಯಾಗಿ ಕುಂತರೂ ನಡೀತೈತಿ, ಆಕಿಗಿ ನನ್ನ ದನಿ ಬೀಳಬೇಕು ಕಿವ್ಯಾಗ."

ನಾನು ಒಪ್ಪಿಕೊಂಡೆ. ಅಷ್ಟೇ ಅಲ್ಲ, ಅತ್ಯುತ್ತಮವಾಗಿ ಮಾಡಿಕೊಡುತ್ತೇನೆ ಎಂದೆ. ಆ 'ಅತ್ಯುತ್ತಮ' ಎಂಬ ಪದವನ್ನು ನಾನು ನಿಜಕ್ಕೂ ಬಳಸಿದೆನೋ ಇಲ್ಲವೋ, ಈಗ ನೆನೆದರೆ ಅದು ಅಲ್ಲಿ ಕೇಳಿಸುತ್ತದೆ.

ನನ್ನ ಹತ್ತಿರ ಆಗ ಮೈಕು ಇರಲಿಲ್ಲ. ಕೋಣೆ ಸಿದ್ಧವಾಗಿತ್ತು, ಕಂಪ್ಯೂಟರು ಇತ್ತು, ಮೈಕು ಮಾತ್ರ ಆರಿಸುತ್ತಲೇ ಇದ್ದೆ. ನನ್ನ ಕೈಗೆಟಕುವ ಬೆಲೆಯಲ್ಲಿ ಹತ್ತಾರು ಮಾದರಿಗಳಿದ್ದವು. ಒಂದೊಂದರ ಬಗ್ಗೆ ಇಪ್ಪತ್ತು ಜನರ ಅಭಿಪ್ರಾಯ ಓದುತ್ತಿದ್ದೆ, ಇಪ್ಪತ್ತೊಂದನೆಯವನು ಅದನ್ನು ಅಲ್ಲಗಳೆಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ್ದೆ. ಸ್ಥೂಲವಾಗಿ ಎರಡು ಜಾತಿ. ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ಹಾಡುವ ಡೈನಾಮಿಕ್ ಮೈಕು ಒಂದು. ಗಟ್ಟಿ, ಬಾಯಿ ಹತ್ತಿರ ಇದ್ದದ್ದನ್ನಷ್ಟೇ ಹಿಡಿಯುತ್ತದೆ. ಸ್ಟುಡಿಯೋಗಳಲ್ಲಿ ನಿಲ್ಲಿಸಿಡುವ ಕಂಡೆನ್ಸರ್ ಮೈಕು ಇನ್ನೊಂದು. ಬಹಳ ಸೂಕ್ಷ್ಮ, ಉಸಿರೂ ಕೇಳುತ್ತದೆ.

ಸ್ಟೇಷನ್ ರಸ್ತೆಯಲ್ಲಿ ದಸ್ತಗೀರ್ ಚಾಚಾರ ಅಂಗಡಿಗೆ ಹೋದೆ. ಮದುವೆ ಮುಂಜಿಗೆ ಧ್ವನಿವರ್ಧಕ ಬಾಡಿಗೆ ಕೊಡಲು ತೊಡಗಿ ಮೂವತ್ತು ವರ್ಷ ಆಗಿರಬೇಕು ಅವರಿಗೆ. ನಾನು ಚಿಗವ್ವನ ವಿಷಯ ಹೇಳಿದೆ. ಅವರು ಎದ್ದು ಗಾಜಿನ ಕಪಾಟಿನಿಂದ ಒಂದು ಕೈಮೈಕು ತೆಗೆದು ನನ್ನ ಮುಂದಿಟ್ಟರು.

"ಇದನ್ನ ಒಯ್ಯಿರಿ ಸರ. ಇವತ್ತ ಒಯ್ಯಿರಿ. ಬಾಯಿ ಹತ್ರ ಹಿಡಕೊಂಡು ಹಾಡಿದ್ರ ಮುಗೀತು. ಕೆಳಗ ಬಿದ್ರೂ ಏನೂ ಆಗೂದಿಲ್ಲ."

"ಇದು ಭಜನಾ ಮೈಕು ಚಾಚಾ. ನನಗ ಸ್ಟುಡಿಯೋ ಕ್ವಾಲಿಟಿ ಬೇಕು."

"ಕ್ವಾಲಿಟಿ ಅಮ್ಮಾರ ಗಂಟಲದಾಗ ಇರತದ್ರೀ, ಮೈಕದಾಗ ಏನ ಇರತದ?"

ನಾನು ನೋಟ್‌ಬುಕ್ಕು ತೆರೆದು ಕೋಷ್ಟಕ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಮಾಶಾಲ್ಲಾ. ಲಗ್ನದ ಕನ್ಯಾ ನೋಡಾಕೂ ಇಷ್ಟ ಬರ್ಕೊಂಡಿರಲಿಕ್ಕಿಲ್ಲ ನೀವು. ಸರ, ಒಂದ ಮಾತ ಹೇಳಲಾ? ಆ ಅಮ್ಮಾ ಎಷ್ಟ ದಿನ ಹಾಡತಾರ?"

ಆ ಪ್ರಶ್ನೆ ಅವರು ಕೇಳಿದ್ದು ನಿಜ ಎಂದೇ ನನ್ನ ನಂಬಿಕೆ. ನನ್ನ ಉತ್ತರ ಏನಿತ್ತೋ ನೆನಪಿಲ್ಲ. ಬರಿಗೈಯಲ್ಲಿ ಹೊರಬಂದೆ.

ಕೊನೆಗೆ ಎರಡು ಕಂಡೆನ್ಸರ್‌ಗಳ ನಡುವೆ ಸಿಕ್ಕಿಬಿದ್ದೆ. ಒಂದಕ್ಕೆ ಸುತ್ತಲಿನ ದನಿಯನ್ನೆಲ್ಲ ಸಮನಾಗಿ ಹಿಡಿಯುವಂತೆ ಬದಲಾಯಿಸುವ ಗುಂಡಿ ಇತ್ತು. ಇನ್ನೊಂದು ಸ್ವಲ್ಪ ಅಗ್ಗ, ಮುಂದಿನಿಂದ ಬಂದ ದನಿಯನ್ನಷ್ಟೇ ಹಿಡಿಯುವಂಥದ್ದು. ದಿನಾ ರಾತ್ರಿ ಮೊದಲನೆಯದರ ಬಗ್ಗೆ ಓದುತ್ತಿದ್ದೆ, ಎರಡನೆಯದನ್ನು ತರಿಸಿದೆ. ಅದು ಬರಲು ಹನ್ನೊಂದು ದಿನ ಹಿಡಿಯಿತು. ಬಂದ ಮೇಲೆ ಅದಕ್ಕೆ ಬೇರೆಯಾಗಿ ವಿದ್ಯುತ್ತು ಕೊಡುವ ಸೌಂಡ್ ಕಾರ್ಡ್ ಬೇಕೆಂದು ತಿಳಿಯಿತು. ಅದಕ್ಕೆ ಇನ್ನೂ ಐದು ದಿನ.

ಈ ನಡುವೆ ಸವಿತಾ ಎರಡು ಸಲ ಫೋನ್ ಮಾಡಿದಳು. "ಅಣ್ಣಾ, ಅವ್ವನ ದನಿ ದಿನಾ ಇಳಿಯಾಕತ್ತೈತಿ. ನನ್ನ ಫೋನಿನ್ಯಾಗ ರೆಕಾರ್ಡ್ ಮಾಡಿಬಿಡ್ಲೇನು? ನಾ ಕೇಳೂದಿಲ್ಲ, ಹೊರಗ ಹೋಗತೇನಿ."

"ಫೋನಿನ ರೆಕಾರ್ಡಿಂಗ್ ಅಂದ್ರ ಕಸ ಸವಿತಾ. ಗಾಳಿ, ಕೋಳಿ, ಟ್ರ್ಯಾಕ್ಟರು ಎಲ್ಲಾ ಬರತಾವು. ಆಕಿ ಗಂಟಲಕ್ಕ ಸುಮ್ನ ತ್ರಾಸ ಕೊಡಬ್ಯಾಡ. ಒಂದ ಸಲ, ಛಲೋತ್ನಂಗ ಮಾಡೂಣು."

ಈ ಮಾತು ನಾನು ಹೇಳಿದ್ದೇ. ಇದರ ಬಗ್ಗೆ ಎರಡನೆಯ ನೆನಪಿಲ್ಲ.

ಮೈಕಿನ ಪೆಟ್ಟಿಗೆ ಬಂದ ದಿನ ನಾನು ಬಬಲೇಶ್ವರದಿಂದ ಮರಳುವಷ್ಟರಲ್ಲಿ ಅವ್ವ ಅದನ್ನು ಬಿಚ್ಚಿ ದೇವರ ಜಗುಲಿಯ ಮೇಲೆ ನಿಲ್ಲಿಸಿದ್ದಳು. ನಮ್ಮ ಮನೆಗೆ ಹೊಸದಾಗಿ ಬಂದದ್ದು ಯಾವುದೂ ಪೂಜೆಯಾಗದೆ ಕೆಲಸಕ್ಕೆ ಇಳಿಯುವುದಿಲ್ಲ. ಮಿಕ್ಸಿಗೂ ಆಗಿತ್ತು, ಗ್ಯಾಸಿನ ಒಲೆಗೂ ಆಗಿತ್ತು. ಮುಷ್ಟಿಗಾತ್ರದ ಆ ಮೈಕಿಗೆ ಎರಡು ಬದಿ ಜಾಲರಿ, ಒಂದು ಬದಿಯಲ್ಲಿ ಕಂಪನಿಯ ಹೆಸರಿನ ಅಕ್ಷರ. ಇನ್ನೊಂದು ಬದಿ ಬರಿದು. ಬರಿದಾದ ಬದಿಯಲ್ಲಿ ಅವ್ವ ಮೂರೆಳೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದಳು. ಜಾಲರಿಯ ಅಂಚಿಗೆ ಒಂದು ಕಣಗಿಲ ಹೂ.

"ಅವ್ವಾ, ಅದರಾಗ ಬೂದಿ ಹೋದ್ರ ಕೆಟ್ಟ ಹೋಗತೈತಿ."

"ಜಾಲರಿಗಿ ಹಚ್ಚಿಲ್ಲೋ, ಕೆಳಗ ಹಚ್ಚೇನಿ. ಆ ಕಡಿ ಅಕ್ಷರ ಅದಾವು, ಅಕ್ಷರದ ಮ್ಯಾಲ ವಿಭೂತಿ ಬಳೀಬಾರ್ದು. ಅದಕ್ಕ ಈ ಕಡಿ. ಇದ ಮುಖಾ ಈಗ."

ನಾನು ನಕ್ಕೆ. ನಂಬದವನ ಸಣ್ಣ ನಗು ಅದು, ನನಗೆ ಅಭ್ಯಾಸವಾಗಿತ್ತು. ಒರೆಸಲಿಲ್ಲ. ಅಕ್ಷರವಿದ್ದ ಬದಿಯೇ ಅದರ ನಿಜವಾದ ಮುಂಭಾಗ, ಆ ಬದಿಗೇ ಹಾಡಬೇಕು ಎಂದು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಕಾಗದದಲ್ಲಿ ಇತ್ತು. ಆ ಕಾಗದವನ್ನು ನಾನು ಓದಲಿಲ್ಲ. ಅಷ್ಟೊಂದು ಓದಿದ ಮೇಲೆ ಅದರಲ್ಲಿ ಹೊಸದೇನಿರುತ್ತದೆ ಎಂದುಕೊಂಡೆ. ಅದಕ್ಕಿಂತ ಕೆಟ್ಟದ್ದು, ಕೊಳ್ಳದೇ ಬಿಟ್ಟ ಮೈಕಿನ ಗುಣವನ್ನು ಕೊಂಡ ಮೈಕಿಗೆ ನನ್ನ ತಲೆ ಅಂಟಿಸಿಬಿಟ್ಟಿತ್ತು. ಇದು ಸುತ್ತಲಿಂದಲೂ ಕೇಳುತ್ತದೆ ಎಂದೇ ನಂಬಿದ್ದೆ.

ಹೀಗೆ ಮೂರು ವಾರದಲ್ಲಿ ಉಳಿದದ್ದು ಒಂದೇ ದಿನ, ಭರ್ತಿಯ ಹಿಂದಿನ ಭಾನುವಾರ. ಚಿಗವ್ವ ಮತ್ತು ಸವಿತಾ ಮಧ್ಯಾಹ್ನ ಬಂದರು. ಹೊರಗಿನ ಸದ್ದು ಬರಬಾರದೆಂದು ಕಿಟಕಿ ಹಾಕಿದೆ, ಫ್ಯಾನು ಆರಿಸಿದೆ. ಸವಿತಾಳ ಫೋನು ಕಂಪ್ಯೂಟರಿಗೆ ತೊಂದರೆ ಕೊಡುತ್ತದೆ ಎಂದು ಅದನ್ನೂ ಅವಳನ್ನೂ ಕೆಳಗೆ ಕಳಿಸಿದೆ. ಅವಳು ಹೇಗೂ ಕೇಳುವಂತಿರಲಿಲ್ಲ. ಮಾರ್ಚ್‌ ಕೊನೆಯ ವಿಜಯಪುರದ ಬಿಸಿಲು, ಮೇಲೆ ಮಾಳಿಗೆಯ ಕೋಣೆ, ಸುತ್ತ ಕೌದಿ. ಐದು ನಿಮಿಷದಲ್ಲಿ ನಾವು ಮೂವರೂ ತೊಯ್ದುಹೋದೆವು. ಅವ್ವ ಬಾಗಿಲಿಗೆ ಒರಗಿ ಕುಳಿತಳು. ನಡುವೆ ಸ್ಟ್ಯಾಂಡಿನ ಮೇಲೆ ಮೈಕು, ಅದರ ಆ ಕಡೆ ಚಾಪೆಯ ಮೇಲೆ ಚಿಗವ್ವ, ಈ ಕಡೆ ಕಂಪ್ಯೂಟರಿನ ಮುಂದೆ ನಾನು.

ವಿಭೂತಿ ಯಾವ ಕಡೆ ಇದೆ ಎಂಬ ಮಾತು ಬಂದದ್ದು ಆಗ. ವಿಭೂತಿಯ ಮುಖ ನನ್ನ ಕಡೆಗಿತ್ತು, ಆಮೇಲೆ ಅದು ಚಿಗವ್ವನ ಕಡೆಗಾಯಿತು. ನಡುವೆ ಯಾರ ಕೈ ಬಂತು ಎನ್ನುವಲ್ಲೇ ಮೂರು ನೆನಪು ಒಡೆಯುತ್ತವೆ.

ಚಿಗವ್ವ ಹಾಡಲು ತೊಡಗಿದಳು. ಪರದೆಯ ಮೇಲೆ ದನಿಯ ಗೆರೆ ಏಳಲೇ ಇಲ್ಲ. ಮಟ್ಟ ಏರಿಸಿದೆ. ಹೆಡ್‌ಫೋನಿನಲ್ಲಿ ಸೊಂಯ್ ಎನ್ನುವ ಸದ್ದು ಏರಿತು, ಅವಳ ದನಿ ಏರಲಿಲ್ಲ. ರೋಗ ಅಷ್ಟು ಮುಂದುವರಿದಿದೆ, ಗಂಟಲು ಮುಗಿದೇ ಹೋಗಿದೆ ಎಂದುಕೊಂಡೆ. ಉಪಕರಣದ ಮೇಲೆ ನನಗೆ ಅನುಮಾನ ಬರಲಿಲ್ಲ. ಮನುಷ್ಯರ ಮೇಲೆ ಬರುತ್ತಿತ್ತು.

"ಸ್ವಲ್ಪ ಜೋರಾಗಿ ಚಿಗವ್ವಾ."

ಅವಳು ಮತ್ತೆ ಮೊದಲಿನಿಂದ ಹಾಡಿದಳು.

"ಇನ್ನೂ ಜೋರಾಗಿ. ಕೇಳಸೂದಿಲ್ಲ."

"ಪ್ರಭು, ಸಾಕು ಮಾಡೋ, ಆಕಿ ಮಾರಿ ನೋಡು" ಎಂದಳು ಅವ್ವ.

"ಇದೊಂದ ಸಲ ಅವ್ವಾ. ನಾಳಿಗಿ ಬರೂದಿಲ್ಲ ಇದು."

ಎಷ್ಟು ಸಲ ಹಾಗೆ ಹಾಡಿಸಿದೆನೋ. ಹದಿನೇಳು ನುಡಿಯ ಹಾಡು. ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂದು, ಕೊನೆಯ ಸಲಕ್ಕೆ ಕೆಮ್ಮು ಹತ್ತಿತು. ಸೆರಗಿಗೆ ಬಾಯಿ ಒರೆಸಿಕೊಂಡಳು. ಸೆರಗಿನ ಮೇಲೆ ಕೆಂಪು. ಅದನ್ನು ಮಡಿಚಿ ಒಳಗೆ ಸಿಕ್ಕಿಸಿಕೊಂಡು, "ಬಂತೇನೋ?" ಎಂದು ಕೇಳಿದಳು.

"ಬಂತು ಚಿಗವ್ವಾ. ಮಸ್ತ ಬಂತು" ಎಂದೆ. ಕಂಪ್ಯೂಟರಿನಲ್ಲಿ ಆಮೇಲೆ ದನಿ ಏರಿಸಬಹುದು ಎಂಬ ಧೈರ್ಯವಿತ್ತು.

ಮರುದಿನ ಅವಳು ಭರ್ತಿಯಾದಳು, ಗುರುವಾರ ಶಸ್ತ್ರಚಿಕಿತ್ಸೆ ಆಯಿತು. ಶುಕ್ರವಾರ ಆಸ್ಪತ್ರೆಯಿಂದ ಬಂದು ಬಾಗಿಲು ಹಾಕಿಕೊಂಡು ಧ್ವನಿಮುದ್ರಣ ಕೇಳಿದೆ. ಮೊದಲು ಬಂದದ್ದು ನನ್ನ ದನಿ. ಕಿವಿಯ ಪಕ್ಕವೇ ಕುಳಿತು ಮಾತಾಡಿದಷ್ಟು ಸ್ವಚ್ಛ, ತುಟಿ ಕೂಡುವ ಸದ್ದೂ ಸೇರಿ. 'ಜೋರಾಗಿ ಚಿಗವ್ವಾ.' ಅದರ ಹಿಂದೆ, ಎರಡು ಗೋಡೆ ಆಚೆ ಯಾರೋ ಬಾವಿಯಲ್ಲಿ ಹಾಡಿದಂತೆ ಅವಳದು. ನುಡಿಗಳು ಅಲ್ಲಲ್ಲಿ ತಿಳಿಯುತ್ತಿದ್ದವು. ಸವಿತಾ ಎಂಬ ಹೆಸರು ತಿಳಿಯಿತು, ಬೇವಿನಮರ ತಿಳಿಯಿತು, ಮುಂದಿನದು ಇಲ್ಲ. ಗೋಡೆ ಬರಿದಾಗಿದ್ದರೆ ಅಲ್ಲಿಂದ ಬಡಿದು ಬಂದಾದರೂ ಒಂದಷ್ಟು ಸಿಗುತ್ತಿತ್ತು, ಅದನ್ನು ಕೌದಿಗಳು ನುಂಗಿದ್ದವು. ಆ ರಾತ್ರಿ ಮಡಿಚಿದ ಕಾಗದ ಹುಡುಕಿ ಓದಿದೆ. ಅಕ್ಷರವಿದ್ದ ಬದಿಗೆ ಹಾಡಿ ಎಂಬುದೇ ಮೊದಲನೆಯ ಸಾಲು.

ಎಷ್ಟೋ ದಿನ ತಿದ್ದಲು ಪ್ರಯತ್ನಿಸಿದೆ. ಸೊಂಯ್ ಸದ್ದು ತೆಗೆದರೆ ಅವಳ ದನಿಯೂ ಅದರ ಜೊತೆ ಹೋಗುತ್ತಿತ್ತು. ಉಳಿದದ್ದು ತಗಡು ಕೆರೆದಂತೆ ಇರುತ್ತಿತ್ತು. ಕೋಣೆಯಲ್ಲಿದ್ದ ಅವ್ವನಿಗೂ ನನಗೂ ನುಡಿಗಳು ನೆನಪಿನಲ್ಲಿ ಉಳಿದಿರಲಿಲ್ಲ. ಚಿಗವ್ವನನ್ನೇ ಕೇಳಿ ನುಡಿಗಳನ್ನಾದರೂ ಬರೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ಅಕ್ಷರ ಬಾರದು. ಬಾಯಿ ಆಡಿಸುವುದನ್ನು ನೋಡಿ ಓದೋಣವೆಂದರೆ, ಹಾಡು ಕೆಟ್ಟಿದೆ ಎಂದು ಮೊದಲು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಅರಿಷಿಣದ ದಿನ ಘೋಣಸಗಿಯ ಅಂಗಳದಲ್ಲಿ ಚಪ್ಪರದ ಕೆಳಗೆ ಸವಿತಾಳನ್ನು ಮಣೆಯ ಮೇಲೆ ಕೂಡಿಸಿದ್ದರು. ಚಿಗವ್ವ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಅವಳ ಎದುರೇ ಕುಳಿತಿದ್ದಳು. ಉಸಿರು ಎಳೆದಾಗಲೆಲ್ಲ ಆ ಬಟ್ಟೆ ಸಣ್ಣಗೆ ಒಳಗೆ ಹೋಗಿ ಬರುತ್ತಿತ್ತು. ಹೆಂಗಸರೆಲ್ಲ ಸುಮ್ಮನಾಗಿದ್ದರು. ಇವತ್ತು ಕಸ್ತೂರೆವ್ವ ಹಾಡುತ್ತಾಳೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ನಾನು ಪೆನ್‌ಡ್ರೈವ್ ಸಿಕ್ಕಿಸಿ ಧ್ವನಿವರ್ಧಕ ಹಚ್ಚಿದೆ. ಸೊಂಯ್ ಎಂದು ಸದ್ದು. ದೂರದಲ್ಲೇನೋ ಹಾಡಿದಂತೆ. ಹೆಂಗಸರು ಮುಂದೆ ಬಾಗಿದರು. "ಏನ್ ಬೇ, ಏನೂ ತಿಳೀವಲ್ದು" ಎಂದಳು ಒಬ್ಬಳು. ನನ್ನ ಮಾತುಗಳನ್ನೆಲ್ಲ ಕತ್ತರಿಸಿ ತೆಗೆದಿದ್ದೆ ಎಂದುಕೊಂಡಿದ್ದೆ. ಒಂದು ಉಳಿದುಬಿಟ್ಟಿತ್ತು. ಇಡೀ ಅಂಗಳ ನಡುಗುವಂತೆ ಬಂತು.

'ಇನ್ನೂ ಜೋರಾಗಿ. ಕೇಳಸೂದಿಲ್ಲ.'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಅಲ್ಲಿಂದ ಇಲ್ಲಿಗೆ ಹಬ್ಬಿತು. ಅವರಿಗೇನು ಗೊತ್ತು. ಸವಿತಾ ನಗಲಿಲ್ಲ. ಅರಿಷಿಣ ಹಚ್ಚಿದ ಕೆನ್ನೆಯ ಮೇಲೆ ನೀರು ಇಳಿದು ಎರಡು ಗೆರೆ ಮೂಡಿದವು. ಚಿಗವ್ವ ನನ್ನ ಕಡೆ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಕೈ ಎತ್ತಿ ಆರಿಸು ಎಂದು ಸನ್ನೆ ಮಾಡಿದಳು. ಆಮೇಲೆ ಆ ಕೈಯನ್ನು ಗಾಳಿಯಲ್ಲಿ ಒಮ್ಮೆ ತಿರುವಿದಳು. 'ಮೈಕು ತಿರುಗಿಸಿದ್ದು ನಾನೇ' ಎಂದು ಅವಳು ತಪ್ಪು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ ಎಂದು ನಾನು ಆಗ ಅರ್ಥ ಮಾಡಿಕೊಂಡೆ. 'ಹೋಗಲಿ ಬಿಡು' ಎಂಬುದಕ್ಕೂ ನಮ್ಮ ಹೆಂಗಸರು ಕೈಯನ್ನು ಹಾಗೆಯೇ ತಿರುವುತ್ತಾರೆ. ಯಾರೋ ಒಬ್ಬ ಮುದುಕಿ ಎಲ್ಲರಿಗೂ ಬರುವ ಹಳೆಯ ಸೋಬಾನೆ ಎತ್ತಿಕೊಂಡಳು, ಉಳಿದವರು ಕೂಡಿದರು, ಶಾಸ್ತ್ರ ಮುಗಿಯಿತು.

ಮುಂದಿನ ವರ್ಷ ದ್ರಾಕ್ಷಿ ಕೊಯ್ಲಿಗೆ ಮೊದಲೇ ಚಿಗವ್ವ ತೀರಿಕೊಂಡಳು. ರೋಗ ಮತ್ತೆ ಬಂದಿತ್ತು. ಸವಿತಾ ನನ್ನ ಜೊತೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಹಾಡಿನ ಮಾತು ಮಾತ್ರ ಎತ್ತುವುದಿಲ್ಲ. ಆ ಮೈಕಿನಲ್ಲೇ ನಾನು ಪಾಠಗಳನ್ನು ಮುದ್ರಿಸಿದೆ, ಅಕ್ಷರದ ಬದಿಗೆ ಮುಖ ಮಾಡಿ. ಮತ್ತು ಇದನ್ನೂ ಬರೆಯಬೇಕು: ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಒಂದೆರಡು ಸಲ ಅಲ್ಲ. ನಂಬಿಕೆ ಹೇಗೆ ಮನುಷ್ಯನ ಕೈಯಿಂದಲೇ ಅವನಿಗೆ ಬೇಕಾದದ್ದನ್ನು ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ಉದಾಹರಣೆಯಾಗಿ. 'ನಮ್ಮ ಚಿಗವ್ವ ವಿಭೂತಿ ಹಚ್ಚಿದ ಕಡೆಗೇ ಹಾಡುತ್ತೇನೆ ಎಂದು ಹಟ ಹಿಡಿದಳು' ಎಂದು ಶುರು ಮಾಡುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅವ್ವನಿಗೆ ಒಮ್ಮೆ ಇದನ್ನು ಹೇಳಿದಾಗ, "ಆಕಿ ಹಟಾ ಹಿಡದಿದ್ಲಾ?" ಎಂದು ಕೇಳಿದಳು. ತನಗೂ ಸರಿಯಾಗಿ ನೆನಪಿಲ್ಲ ಎಂದಳು.

ತಿಕೋಟಾದಿಂದ ಬಂದ ಸಂಜೆ, ಗಂಧಕದ ಆ ವಾಸನೆ ಗಂಟಲಿನಲ್ಲಿ ಇನ್ನೂ ಇರುವಾಗ, ಹೊಳೆದದ್ದು ಇದು: ನನ್ನ ಮೂರು ನೆನಪುಗಳಲ್ಲಿ ಎಲ್ಲೂ ನನ್ನ ಕೈ ಇಲ್ಲ. ಬೇರೆ ಯಾರ ಹೇಳಿಕೆಯಲ್ಲಿ ಇಂಥದ್ದು ಕಂಡಿದ್ದರೂ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ಹಳೆಯ ಡಿಸ್ಕು ತೆಗೆದೆ. ಹಾಡಿನ ಕಡತವನ್ನು ನೂರು ಸಲ ಕೇಳಿದ್ದೆ. ಅದರ ಮೇಲೆ ಇನ್ನೊಂದು ಸಣ್ಣ ಕಡತವಿತ್ತು, ಮಟ್ಟ ನೋಡಲು ಗುಂಡಿ ಒತ್ತಿದಾಗ ಕಂಪ್ಯೂಟರು ತಾನಾಗಿ ಉಳಿಸಿದ್ದು. ಅದನ್ನು ಯಾವತ್ತೂ ತೆರೆದಿರಲಿಲ್ಲ. ಐವತ್ತೆರಡು ಸೆಕೆಂಡು.

ಮೊದಲು ನಾನು, ಸ್ವಲ್ಪ ದೂರದಿಂದ: "ಏನರೇ ಮಾತಾಡು ಚಿಗವ್ವಾ, ದನಿ ನೋಡತೇನಿ."

ಆಮೇಲೆ ಅವಳು. ಒಡೆದ ದನಿ, ಆದರೆ ಎದುರಿಗೇ ಇದ್ದಂತೆ, ಉಸಿರು ಸೇರಿ. "ಏನ ಮಾತಾಡ್ಲೋ? ಮುಂಜಾನೆ ಅರ್ಧಾ ರೊಟ್ಟಿ ತಿಂದೇನಿ. ನುಂಗಾಕ ಬರಲಿಲ್ಲ, ಹಾಲಿನ್ಯಾಗ ನೆನಸಿ ತಿಂದೆ. ಸಾಕೇನು?"

ಬಾಗಿಲ ಕಡೆಯಿಂದ ಅವ್ವ: "ವಿಭೂತಿ ಹಚ್ಚಿದ್ದು ಆ ಕಡಿ ಐತಲ್ಲೋ."

ಚಿಗವ್ವ: "ಇರ್ಲಿ ಬಿಡಕ್ಕಾ. ಹ್ಯಾಂಗೈತಿ ಹಾಂಗ ಇರ್ಲಿ, ಮುಟ್ಟಬ್ಯಾಡ. ಅವಂಗ ಗೊತ್ತಿರತೈತಿ."

ನನ್ನ ಸಣ್ಣ ನಗು. "ತಡಿ ಚಿಗವ್ವಾ, ದೇವರು ನಿನಗ ಬೆನ್ನ ಮಾಡಿ ಕುಂತ್ರ ಹ್ಯಾಂಗ?" ಕುರ್ಚಿ ಸರಿದ ಸದ್ದು, ಸ್ಟ್ಯಾಂಡಿನ ತಿರುಪು ಕಿರುಗುಟ್ಟಿದ ಸದ್ದು. ಅಲ್ಲಿಂದ ಮುಂದೆ ಅವಳ ದನಿ ದೂರ ಹೋಗುತ್ತದೆ, ನನ್ನದು ಹತ್ತಿರ ಬರುತ್ತದೆ.

ಕಡತದ ದಿನ ನೋಡಿದೆ, ಅದೇ ಭಾನುವಾರ. ಸಮಯ ನೋಡಿದೆ, ಹಾಡಿನ ಕಡತಕ್ಕಿಂತ ಎರಡು ನಿಮಿಷ ಮೊದಲು. ಅವ್ವನನ್ನು ಕರೆದು ಹೆಡ್‌ಫೋನ್ ಹಾಕಿ ಕೇಳಿಸಿದೆ, ಅವಳೂ ಹೌದೆಂದಳು. ಚಿಗವ್ವ ಮುಟ್ಟಬೇಡ ಎಂದಿದ್ದಳು. ಮೈಕು ತಿರುಗಿಸಿದವನು ನಾನು.